ಕಾಲು ಕತ್ತರಿಸುವ ಮುನ್ನ

(ಸಮೇತನಹಳ್ಳಿಯ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಉರ್ದು, ಕನ್ನಡ ಪಾಠ ಹೇಳುವ ಮೇಷ್ಟ್ರು. ಆದರೂ ಈ ವಿಷಯ ಎತ್ತಿಕೊಳ್ಳಲು ಕಾರಣ ನಮ್ಮ ಚಾಚಾ. ಅವರಿಗೆ ಸಕ್ಕರೆ ಕಾಯಿಲೆ, ಜೊತೆಗೆ ಬೀಡಿ. ಚಪ್ಪಲಿ ಉಜ್ಜಿ ಹೆಬ್ಬೆರಳಿಗೆ ಆದ ಗಾಯಕ್ಕೆ ಆರು ವಾರ ಬರೀ ಡ್ರೆಸ್ಸಿಂಗ್ ನಡೆಯಿತು. ಬೆರಳು ಕಪ್ಪಾಯಿತು, ಕೊನೆಗೆ ಮೊಣಕಾಲ ಕೆಳಗೆ ಕಾಲನ್ನೇ ತೆಗೆದರು. ಪಾದಕ್ಕೆ ರಕ್ತ ಹೋಗುತ್ತಿದೆಯೇ ಎಂದು ಯಾರೂ ಪರೀಕ್ಷಿಸಲಿಲ್ಲ. ಓದಿದವನಾದ ನಾನೂ ಕೇಳಲಿಲ್ಲ.

ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ರಕ್ತದೊತ್ತಡ ಇವುಗಳಿಂದ ಕಾಲಿನ ರಕ್ತನಾಳದೊಳಗೆ ಕೊಬ್ಬು, ಸುಣ್ಣ ಕಟ್ಟಿಕೊಳ್ಳುತ್ತದೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ವಯಸ್ಸಾಯಿತಲ್ಲ ಎಂದು ನಾವು ಸುಮ್ಮನಾಗುತ್ತೇವೆ. ಸಕ್ಕರೆಯಿಂದ ನರ ಮಂದವಾದವರಿಗೆ ಆ ನೋವೂ ತಿಳಿಯದು; ಗಾಯವೇ ಅವರಿಗೆ ಮೊದಲ ಸುದ್ದಿ.

ಪರೀಕ್ಷೆ ಸುಲಭ. ಪಾದದ ನಾಡಿ ನೋಡುತ್ತಾರೆ. ಕಾಲಿನ ಗಂಟಿನ ಹತ್ತಿರದ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಅಡ್ಡಿಯಿದೆ ಎಂದರ್ಥ. ಸಕ್ಕರೆಯವರಲ್ಲಿ ನಾಳ ಗಡುಸಾಗಿ ಲೆಕ್ಕ ಸುಳ್ಳಾಗಿ ಚೆನ್ನಾಗಿ ಕಾಣಬಹುದು. ಆದ್ದರಿಂದ ಡಾಪ್ಲರ್ ಸ್ಕ್ಯಾನ್ ಕೇಳಿ.

ಚಿಕಿತ್ಸೆಗೆ ಈಗ ಎಲ್ಲರಿಗೂ ಕಾಲು ಕೊಯ್ಯಬೇಕಿಲ್ಲ. ತೊಡೆಸಂದಿಗೆ ಮಾತ್ರ ಮರಗಟ್ಟಿಸಿ, ಸೂಜಿಯ ರಂಧ್ರದಿಂದ ತಂತಿ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತಾ ಬಲೂನು ಉಬ್ಬಿಸಿ ದಾರಿ ಬಿಡಿಸುತ್ತಾರೆ. ಬೇಕಾದರೆ ಸ್ಟೆಂಟ್ ಇಡುತ್ತಾರೆ. 1964ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ 82 ವರ್ಷದ ಅಜ್ಜಿಯೊಬ್ಬರು ಕಾಲು ಕತ್ತರಿಸಲು ಒಪ್ಪಲಿಲ್ಲ. ಡಾ. ಚಾರ್ಲ್ಸ್ ಡಾಟರ್ ನಳಿಕೆ ತೂರಿಸಿಯೇ ಅವರ ನಾಳ ಹಿಗ್ಗಿಸಿದರು. ಅಜ್ಜಿ ಮತ್ತೆ ಸ್ವಂತ ಕಾಲಲ್ಲೇ ನಡೆದಾಡಿದರು. ಬಲೂನು ಬಂದದ್ದು 1974ರಲ್ಲಿ, ಜ್ಯೂರಿಕ್‌ನ ಗ್ರುಯೆನ್‌ಟ್ಸಿಗ್ ಅವರಿಂದ. ಹೃದಯಕ್ಕಿಂತ ಮೊದಲು ಇದು ಕಾಲಿಗೇ ಬಂದ ವಿದ್ಯೆ!

ಎಲ್ಲ ಕಾಲುಗಳೂ ಉಳಿಯುತ್ತವೆ ಎನ್ನಲಾರೆ. ಕೊಳೆತು ಸೋಂಕು ಏರಿದರೆ ಜೀವ ಉಳಿಸಲು ಕತ್ತರಿಸಲೇಬೇಕಾಗುತ್ತದೆ. ತೆರೆದ ನಾಳ ಮತ್ತೆ ಕಟ್ಟಿಕೊಳ್ಳುವುದೂ ಉಂಟು, ಬೀಡಿ ಬಿಡದವರಿಗೆ ಇನ್ನೂ ಬೇಗ. ಎಕ್ಸ್‌ರೇಗೆ ಬಳಸುವ ಔಷಧ ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದಾದ್ದರಿಂದ ಮೊದಲೇ ರಕ್ತಪರೀಕ್ಷೆ ಆಗಬೇಕು.

ಇದಕ್ಕಾಗಿ ದೂರ ಹೋಗಬೇಕಿಲ್ಲ. ಬೆಂಗಳೂರಿನಲ್ಲಿ ಸರ್ಕಾರದ ಜಯದೇವ ಸಂಸ್ಥೆಯಿದೆ. ವಸಂತನಗರದ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ರಕ್ತನಾಳಗಳಿಗೇ ಮೀಸಲಾದ ಸಂಸ್ಥೆಯಿದೆ. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಯೋಜನೆಯ ಕೌಂಟರಿನಲ್ಲಿ ಮೊದಲು ವಿಚಾರಿಸಿ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು ನೋಯತೊಡಗಿದರೆ ಮಾತ್ರ ಬೆಳಗಾಗಲಿ ಎಂದು ಕಾಯಬೇಡಿ. ಅಲ್ಲಿ ಲೆಕ್ಕ ಗಂಟೆಗಳದ್ದು.

ಚಾಚಾರ ಇನ್ನೊಂದು ಕಾಲಿನ ನಾಳವನ್ನು ಮರುವರ್ಷ ಬಲೂನಿನಿಂದ ತೆರೆಸಿದೆವು. ಈಗ ವುಜೂ ಮಾಡುವಾಗ ಮೊಮ್ಮಗ ಪಕ್ಕದಲ್ಲಿ ಕುಳಿತು ಬೆರಳ ಸಂದಿಗಳನ್ನು ಒಂದೊಂದಾಗಿ ನೋಡುತ್ತಾನೆ. ಬೀಡಿ ಬಿಟ್ಟಿದ್ದೇನೆ ಎನ್ನುತ್ತಾರೆ ಚಾಚಾ. ಚಾಚಿ ಒಪ್ಪುವುದಿಲ್ಲ.