ಅನ್ನದ ಬದಲು ತುಪ್ಪವೇ?
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ವರ್ಷ ನಮ್ಮ ಖಾಲಾ ಯಾರದೋ ಮಾತು ಕೇಳಿ ಅನ್ನ, ಚಪಾತಿ ಪೂರ್ತಿ ಬಿಟ್ಟರು. ಮೊಟ್ಟೆ, ಮಾಂಸ, ಬೆಣ್ಣೆ, ತುಪ್ಪ ಅಷ್ಟೇ ಊಟ. ಒಂದೇ ವಾರದಲ್ಲಿ ಮೂರು ಕೆ.ಜಿ. ಇಳಿದರು. ಮನೆಯವರಿಗೆಲ್ಲ ಸಂತೋಷ. ಹತ್ತನೆಯ ದಿನ ಅಡುಗೆಮನೆಯಲ್ಲಿ ಬೆವತು ಕುಸಿದರು. ಊಟ ಬದಲಾಗಿತ್ತು, ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಹಳೆಯ ಪ್ರಮಾಣದಲ್ಲೇ ಇತ್ತು. ರಕ್ತದ ಸಕ್ಕರೆ ತೀರಾ ಇಳಿದುಹೋಗಿತ್ತು.

‘ಕೀಟೋ’ ಎಂಬ ಈ ಪಥ್ಯ ಹೊಸದಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ರಸೆಲ್ ವೈಲ್ಡರ್ ಇದನ್ನು ಮೂರ್ಛೆರೋಗಕ್ಕೆಂದು ಸೂಚಿಸಿದರು. ಔಷಧಿಗೆ ಬಗ್ಗದ ಮೂರ್ಛೆರೋಗವಿರುವ ಮಕ್ಕಳಿಗೆ ಇಂದಿಗೂ ವೈದ್ಯರ ನಿಗಾದಲ್ಲಿ ಕೊಡುತ್ತಾರೆ.

ದೇಹದಲ್ಲಿ ಆಗುವುದೇನು? ನಾವು ತಿಂದ ಶರ್ಕರಪಿಷ್ಟದ ಒಂದು ಪಾಲು ಗ್ಲೈಕೋಜನ್ ಆಗಿ ಯಕೃತ್ತು ಮತ್ತು ಸ್ನಾಯುಗಳಲ್ಲಿ ಶೇಖರವಾಗುತ್ತದೆ. ಅದರ ಪ್ರತಿ ಗ್ರಾಮಿನೊಡನೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಅನ್ನ ನಿಲ್ಲಿಸಿದಾಗ ಈ ದಾಸ್ತಾನು ಕರಗಿ ನೀರು ಹೊರಹೋಗುತ್ತದೆ. ಮೊದಲ ವಾರ ಇಳಿಯುವ ತೂಕ ಬಹುಪಾಲು ಈ ನೀರೇ. ಆಮೇಲೆ ಯಕೃತ್ತು ಕೊಬ್ಬಿನಿಂದ ಕೀಟೋನ್ ತಯಾರಿಸುತ್ತದೆ. ಮೆದುಳೂ ಅದನ್ನು ಬಳಸಿಕೊಳ್ಳುತ್ತದೆ. ಹಸಿವು, ಸಕ್ಕರೆ ಕಡಿಮೆಯಾಗುವುದು ನಿಜ. ಆದರೆ ಕೆಲವರಲ್ಲಿ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ಮಲಬದ್ಧತೆ, ತಲೆನೋವು ಕಾಡುತ್ತವೆ.

2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ 609 ಮಂದಿಯನ್ನು ಒಂದು ವರ್ಷ ಗಮನಿಸಿದರು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕೆ.ಜಿ., ಪಿಷ್ಟ ಕಡಿಮೆ ಮಾಡಿದವರು 6 ಕೆ.ಜಿ. ಇಳಿದರು. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಹಾಗಾದರೆ ನಮ್ಮ ತಟ್ಟೆಯಲ್ಲಿ ತಪ್ಪೇ ಇಲ್ಲವೇ? ಇದೆ. 2025ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್.-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ಭಾರತೀಯರ ಆಹಾರಶಕ್ತಿಯಲ್ಲಿ ಶೇಕಡಾ 62 ಪಿಷ್ಟದಿಂದಲೇ ಬರುತ್ತದೆ. ಅದರಲ್ಲಿ ಸ್ವಲ್ಪ ಭಾಗಕ್ಕೆ ಬೇಳೆಕಾಳು, ಹಾಲು-ಮೊಸರಿನ ಪ್ರೋಟೀನ್ ತಿನ್ನುವವರಲ್ಲಿ ಸಕ್ಕರೆ ಕಾಯಿಲೆ ಕಡಿಮೆ ಕಂಡಿತು. ಕೊಬ್ಬು ತಿನ್ನುವವರಲ್ಲಿ ಆ ಲಾಭ ಕಾಣಲಿಲ್ಲ. ಎಂದರೆ, ಒಂದು ಹಿಡಿ ಅನ್ನ ಕಡಿಮೆ, ಒಂದು ಸೌಟು ಬೇಳೆ ಹೆಚ್ಚು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆಯಿರುವವರು, ಗರ್ಭಿಣಿಯರು, ಬಾಣಂತಿಯರು ವೈದ್ಯರನ್ನು ಕೇಳದೆ ಈ ಪಥ್ಯ ಹಿಡಿಯಬಾರದು. ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ನುಂಗುವವರಲ್ಲಿ ಸಕ್ಕರೆ ಹೆಚ್ಚಾಗದೆಯೇ ರಕ್ತ ಆಮ್ಲೀಯವಾಗಿ ಪ್ರಾಣಕ್ಕೆ ಅಪಾಯವಾಗಬಹುದು.

ಖಾಲಾ ಈಗ ಮೂರು ಚಪಾತಿಯ ಜಾಗದಲ್ಲಿ ಒಂದೂವರೆ ತಿನ್ನುತ್ತಾರೆ; ಜೊತೆಗೆ ಬೇಳೆ, ಸೊಪ್ಪು, ಮೊಟ್ಟೆ. ಮಾತ್ರೆಯನ್ನು ವೈದ್ಯರೇ ಕಡಿಮೆ ಮಾಡಿದ್ದಾರೆ. ತೂಕ ನಿಧಾನವಾಗಿ ಇಳಿಯುತ್ತಿದೆ. ತಾಯಂದಿರೇ, ತಟ್ಟೆ ಬದಲಿಸುವ ಮುನ್ನ ಮಾತ್ರೆಯ ಚೀಟಿಯನ್ನು ವೈದ್ಯರಿಗೆ ತೋರಿಸಿ ಎಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.