ಹಳೆಯ ವಾಹನದ ಹುಟ್ಟುಬಣ್ಣ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ: ಈ ಮೂರು ತಾಲ್ಲೂಕುಗಳಲ್ಲಿ ಯಾವ ದಾರಿ ಹಿಡಿದು ಹೊರಟರೂ ಹಳೆಯ ಜೀಪೊಂದು ಕಣ್ಣಿಗೆ ಬೀಳದೆ ಇರುವುದು ಅಪರೂಪ. ಟಾರು ರಸ್ತೆ ಮುಗಿದ ಮೇಲೆ ತೋಟದ ಮನೆಗೆ ಹೋಗುವ ಏರುದಾರಿಯಲ್ಲಿ, ಆಷಾಢದ ಕೆಸರಿನಲ್ಲಿ, ಗೊಬ್ಬರವನ್ನೂ ಅಡಿಕೆ ಮೂಟೆಯನ್ನೂ ನೆಂಟರನ್ನೂ ಒಂದೇ ಸಮನಾಗಿ ಹೊತ್ತು ತಂದ ವಾಹನ ಅದು. ಎಷ್ಟೋ ಮನೆಗಳಲ್ಲಿ ಈಗ ಮುದಿಯಾಗಿ ಕೊಟ್ಟಿಗೆಯ ಮಗ್ಗುಲಲ್ಲಿ ನಿಂತಿದೆ. ಮನೆಯ ಹುಡುಗರಿಗೆ ಅದನ್ನು ಮತ್ತೆ ಹೊಸದು ಮಾಡುವ ಉತ್ಸಾಹ. ಉತ್ಸಾಹ ಒಳ್ಳೆಯದೇ. ಆದರೆ ಉಪ್ಪುಕಾಗದವನ್ನು ಕೈಗೆತ್ತಿಕೊಳ್ಳುವ ಮುಂಚೆ ಒಂದೆರಡು ಮಾತು ಕೇಳಿ ಎನ್ನುವುದಕ್ಕಾಗಿ ಈ ಭಾಷಣ.

ನನಗೆ ತಿಳಿದ ಒಂದು ಮನೆಯಲ್ಲಿ ಹೀಗಾಯಿತು. ಅಜ್ಜನ ಕಾಲದ ಜೀಪನ್ನು ದುರಸ್ತಿಗೆ ಬಿಟ್ಟರು. ಕೆಲಸಗಾರ ಶ್ರದ್ಧೆಯವನೇ. ಇದ್ದ ಬಣ್ಣವನ್ನೆಲ್ಲ ಕಬ್ಬಿಣ ಬೆಳ್ಳಗಾಗುವವರೆಗೆ ಉಜ್ಜಿದ. ಒಳಗಿದ್ದ ಸಣ್ಣ ತಗಡುಗಳನ್ನು ತುಕ್ಕುಹಿಡಿದಿವೆಯೆಂದು ಕಿತ್ತು ಗುಜರಿಗೆ ಹಾಕಿದ. ಮಿರಮಿರನೆ ಮಿಂಚುವ ಕೆಂಪು ಬಳಿದು ತಂದು ನಿಲ್ಲಿಸಿದ. ಅಜ್ಜಿ ಹೊರಗೆ ಬಂದು ನೋಡಿ, “ಚೆಂದ ಆಗಿದೆ. ಆದರೆ ಇದು ನಮ್ಮ ಜೀಪು ಅಲ್ಲವಲ್ಲೋ ಮಾರಾಯ” ಎಂದರು. ಮೊದಲಿನ ಬಣ್ಣ ಯಾವುದಿತ್ತು ಎಂದು ವಿಚಾರಿಸಿದರೆ ಒಬ್ಬೊಬ್ಬರದು ಒಂದೊಂದು ನೆನಪು. ಸಾಕ್ಷಿ ನುಡಿಯಬೇಕಾದ ತಗಡು ಗುಜರಿ ಸೇರಿತ್ತು, ಬಣ್ಣ ಧೂಳಾಗಿತ್ತು. ಹೋದ ಬಣ್ಣವನ್ನು ಮತ್ತೆ ಬಳಿಯಬಹುದು. ಹೋದ ಸಾಕ್ಷಿಯನ್ನು ಬಳಿಯಲಾಗದು.

ಕಾರ್ಖಾನೆಯಿಂದ ಹೊರಬೀಳುವ ವಾಹನಕ್ಕೂ ಒಂದು ಜಾತಕ ಉಂಟು. ಅದನ್ನು ಓದುವ ಕ್ರಮ ಚೆನ್ನಾಗಿ ತಿಳಿಯುವುದು ಇಂಗ್ಲೆಂಡಿನ ಒಂದು ಸ್ಪೋರ್ಟ್ಸ್ ಕಾರಿನಿಂದ. ಎಂ.ಜಿ. ಕಂಪೆನಿಯವರು ಅಬಿಂಗ್‌ಡನ್ ಎಂಬ ಊರಿನಲ್ಲಿ ೧೯೫೩ರಿಂದ ೧೯೫೫ರವರೆಗೆ ಟಿ.ಎಫ್. ಎಂಬ ಪುಟ್ಟ ಕಾರನ್ನು ತಯಾರಿಸಿದರು. ಅದರ ತಗಡಿನ ಮೇಲೆ ‘ಎಚ್.ಡಿ.ಸಿ. ೪೬’ ಎಂದಿದ್ದು, ಮುಂದೆ ಸರಣಿಸಂಖ್ಯೆ ಇದೆಯೆನ್ನಿ. ‘ಎಚ್’ ಎಂದರೆ ಆ ಜಾತಿಯ ಎಂ.ಜಿ. ಕಾರು. ‘ಡಿ’ ಎಂದರೆ ಮೇಲೆ ತೆರೆದ, ಇಬ್ಬರು ಕೂರುವ ಕಾರು. ಮೂರನೆಯ ಅಕ್ಷರವೇ ಬಣ್ಣ. ‘ಸಿ’ ಕೆಂಪು, ‘ಎ’ ಕಪ್ಪು, ‘ಬಿ’ ತಿಳಿ ಬೂದಿ, ‘ಇ’ ಹಸಿರು, ‘ಪಿ’ ದಂತದ ಬಿಳುಪು. ಮುಂದಿನ ‘೪’ ಉತ್ತರ ಅಮೆರಿಕಕ್ಕೆ ಹೋಗಬೇಕಾದದ್ದು ಎಂಬುದರ ಗುರುತು. ಕೊನೆಯ ‘೬’ ಬಣ್ಣದ ಜಾತಿಯನ್ನು ಹೇಳುತ್ತದೆ: ಮೈಗೆ ಸೆಲ್ಯುಲೋಸ್, ಮಡ್‌ಗಾರ್ಡುಗಳಿಗೆ ಸಿಂಥೆಟಿಕ್. ಎಪ್ಪತ್ತು ವರ್ಷದಲ್ಲಿ ಎಷ್ಟು ಸಲ ಬಣ್ಣ ಬದಲಾಗಿದ್ದರೂ ಆ ‘ಸಿ’ ಅಕ್ಷರವಿದ್ದರೆ ಕಾರು ಕೆಂಪಾಗಿ ಹುಟ್ಟಿತೆಂದು ತಿಳಿಯಿತು.

ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ಒಂದು, ಈ ಅಕ್ಷರಗಳ ಅರ್ಥ ಆ ಕಂಪೆನಿಗೆ, ಆ ಕಾಲಕ್ಕೆ ಮಾತ್ರ ಸಲ್ಲುವಂಥದು. ಒಂದು ಕಾರಿನ ಕೀಲಿಯಿಂದ ಇನ್ನೊಂದರ ಬೀಗ ತೆಗೆಯಲು ಹೋಗಬಾರದು. ಇನ್ನೊಂದು, ಈ ಸಂಖ್ಯೆ ಸೀಟಿನ ಚರ್ಮದ ಬಣ್ಣವನ್ನು ಹೇಳುವುದಿಲ್ಲ. ಅದಕ್ಕೆ ಸೀಟಿನ ಅಡಿಯ ಮಡಿಕೆಯನ್ನೋ ಬಾಗಿಲ ಒಳಹೊದಿಕೆಯ ಹಿಂಬದಿಯನ್ನೋ ಬಿಚ್ಚಿ ನೋಡಬೇಕು. ಗೇಡನ್ನಿನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಅನೇಕ ಹಳೆಯ ಬ್ರಿಟಿಷ್ ಕಾರುಗಳಿಗೆ ಕಾರ್ಖಾನೆಯ ಲೆಕ್ಕದ ಪುಸ್ತಕಗಳನ್ನು ನೋಡಿ ಪ್ರಮಾಣಪತ್ರ ಕೊಡುತ್ತದೆ. ಆದರೆ ಕೇಳುವವರು ಮೊದಲು ಕಾರಿನ ಸಂಖ್ಯೆಯನ್ನು ಹೇಳಬೇಕು.

ನಮ್ಮ ದೇಶಕ್ಕೆ ಹತ್ತಿರವಾದ ಸಂಗತಿಯೊಂದು ಇದೇ ಕ್ರಮದಲ್ಲಿ ಅಡಗಿದೆ. ಎರಡು ಅಂಕಿಗಳಲ್ಲಿ ಮೊದಲನೆಯದು ‘೫’ ಆಗಿದ್ದರೆ, ಬಲಗಡೆ ಸ್ಟಿಯರಿಂಗಿನ ವಾಹನವನ್ನು ಬಿಡಿಬಿಡಿಯಾಗಿ ಕಳಿಸಿದ್ದು ಎಂದರ್ಥ. ಎರಡನೆಯದೂ ‘೫’ ಆದರೆ ಅಸ್ತರಿ ಬಣ್ಣ ಮಾತ್ರ ಹಚ್ಚಿದ್ದು. ಮೇಲುಬಣ್ಣ ಬಿದ್ದದ್ದು ಜೋಡಿಸಿದ ಊರಿನಲ್ಲಿ. ನಮ್ಮಲ್ಲೂ ಮಹೀಂದ್ರ ಕಂಪೆನಿಯವರು ವಿಲ್ಲಿಸ್ ಜೀಪುಗಳನ್ನು ಹೀಗೆಯೇ ಬಿಡಿಭಾಗಗಳಾಗಿ ತರಿಸಿ ೧೯೪೯ರ ಸುಮಾರಿಗೆ ಮುಂಬಯಿಯಲ್ಲಿ ಜೋಡಿಸತೊಡಗಿದರು. ಇಂಥ ವಾಹನದ ಹುಟ್ಟುಬಣ್ಣವನ್ನು ಸಂಖ್ಯೆಯಲ್ಲಿ ಮಾತ್ರ ಹುಡುಕಿದರೆ ಸಾಲದು, ಮೈಯನ್ನೇ ಓದಬೇಕು.

ಹಾಗಾದರೆ ನಿಮ್ಮ ಜೀಪಿನಲ್ಲಿ ಏನನ್ನು ನೋಡಬೇಕು? ಮೊದಲು ಮುಖ. ಎರಡನೆಯ ಮಹಾಯುದ್ಧದ ಜೀಪಾದರೆ ಸ್ಟಿಯರಿಂಗ್ ಎಡಗಡೆ, ಮುಂದಿನ ಜಾಲರಿಯಲ್ಲಿ ಸಾಮಾನ್ಯವಾಗಿ ಒಂಬತ್ತು ಸೀಳುಗಳು. ಆಮೇಲಿನ ನಾಗರಿಕ ಜೀಪಿಗೆ ಏಳು. ಯುದ್ಧದ ಜೀಪನ್ನು ವಿಲ್ಲಿಸ್, ಫೋರ್ಡ್ ಇಬ್ಬರೂ ಮಾಡಿದರು. ರೇಡಿಯೇಟರಿನ ಕೆಳಗಿನ ಅಡ್ಡಪಟ್ಟಿ ದುಂಡು ಕೊಳವೆಯಾಗಿದ್ದರೆ ಚಾಸಿ ವಿಲ್ಲಿಸಿನದು, ಚೌಕಾಕಾರವಾಗಿದ್ದರೆ ಫೋರ್ಡಿನದು. ವಿಲ್ಲಿಸಿನ ಸಂಖ್ಯೆ ಎಡಗಡೆಯ ಚಾಸಿ ತೊಲೆಯ ಒಳಮೈಗೆ ಬಡಿದ ತಗಡಿನಲ್ಲಿತ್ತು. ಫೋರ್ಡಿನದು ತೊಲೆಯ ಮೇಲುಮೈಯಲ್ಲೇ ಅಚ್ಚೊತ್ತಿದ್ದು. ಫೋರ್ಡಿನವರು ಬೋಲ್ಟಿನ ತಲೆಯ ಮೇಲೂ ತಮ್ಮ ‘ಎಫ್’ ಅಕ್ಷರವನ್ನು ಒತ್ತಿದ್ದುಂಟು. ಡ್ಯಾಶ್‌ಬೋರ್ಡಿನ ಸಣ್ಣ ಪೆಟ್ಟಿಗೆಯ ಬಾಗಿಲಿಗೆ ಬಡಿದ ತಗಡಿನಲ್ಲಿ ಸರಣಿಸಂಖ್ಯೆಯೂ ಸೇನೆಗೆ ಒಪ್ಪಿಸಿದ ತಾರೀಖೂ ಸಿಗುತ್ತವೆ. ತಗಡು ಮಸುಕಾಗಿದ್ದರೆ ಉಜ್ಜಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ತೆಳ್ಳನೆಯ ಕಾಗದವಿಟ್ಟು ಪೆನ್ಸಿಲಿನಿಂದ ಮೆಲ್ಲಗೆ ತೀಡಿದರೆ ಅಕ್ಷರ ಮೂಡುತ್ತದೆ.

ಆಮೇಲೆ ಬಣ್ಣ. ಬಿಸಿಲು ಮಳೆ ತಾಗದ ಜಾಗವನ್ನು ಹುಡುಕಿ: ಡ್ಯಾಶ್‌ಬೋರ್ಡಿನ ಹಿಂಬದಿ, ಸಾಮಾನಿನ ಪೆಟ್ಟಿಗೆಯ ಒಳಗೋಡೆ, ಸೀಟಿನ ಅಡಿ. ಅಲ್ಲಿ ರೂಪಾಯಿ ನಾಣ್ಯದಷ್ಟು ಜಾಗವನ್ನು ನಯವಾದ ಉಪ್ಪುಕಾಗದದಿಂದ, ನೀರು ಹಾಕಿ, ದುಂಡಗೆ ತೀಡಿ. ಹಲಸಿನ ಮರ ಕೊಯ್ದಾಗ ಕಾಣುವ ಬಳೆಗಳಂತೆ ಒಂದೊಂದು ಕಾಲದ ಬಣ್ಣ ಒಂದೊಂದು ಉಂಗುರವಾಗಿ ಕಾಣಿಸಿಕೊಳ್ಳುತ್ತದೆ. ತೀರ ಒಳಗಿನದು ಹೆಚ್ಚಾಗಿ ಅಸ್ತರಿ. ಅದನ್ನೇ ಹುಟ್ಟುಬಣ್ಣವೆಂದು ಭ್ರಮಿಸಬೇಡಿ. ಅದರ ಮೇಲಿನ ಉಂಗುರವೇ ನಿಮಗೆ ಬೇಕಾದದ್ದು. ಹಳೆಯ ಬಣ್ಣಗಳಲ್ಲಿ ಸೀಸ ಇರುವುದುಂಟು; ಒಣಗಿದಂತೆ ಉಜ್ಜಿ ಧೂಳು ಕುಡಿಯಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.

ಇದು ಬರಿಯ ಶೋಕಿಯ ಮಾತಲ್ಲ. ನೋಂದಣಿ ಪುಸ್ತಕದಲ್ಲಿ ಚಾಸಿಯ ಸಂಖ್ಯೆಯಂತೆ ಬಣ್ಣವೂ ನಮೂದಾಗಿರುತ್ತದೆ. ಚಾಸಿಯ ಸಂಖ್ಯೆಯನ್ನು ಉಜ್ಜಿ ಅಳಿಸಿದರೆ ವಾಹನ ಯಾರದೆಂದು ತೋರಿಸುವುದೇ ಕಷ್ಟ. ೨೦೨೧ರ ಜುಲೈಯಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿಯ ನಿಯಮಗಳನ್ನು ಹೊರಡಿಸಿತು. ಹೊಸ ನೋಂದಣಿಗೆ ಶುಲ್ಕ ೨೦,೦೦೦ ರೂಪಾಯಿ, ಅವಧಿ ಹತ್ತು ವರ್ಷ. ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಮೈ, ಎಂಜಿನ್ನುಗಳನ್ನು ಗಣನೀಯವಾಗಿ ಮಾರ್ಪಡಿಸಿರಬಾರದು ಎಂಬುದು ಮುಖ್ಯ ಷರತ್ತು. ದಿನನಿತ್ಯ ಓಡಿಸುವುದಕ್ಕೆ ಅವಕಾಶವಿಲ್ಲವಾದ್ದರಿಂದ ಇನ್ನೂ ಗೊಬ್ಬರ ಹೊರುವ ಜೀಪಿಗೆ ಈ ನೋಂದಣಿ ಹೊಂದುವುದಿಲ್ಲ. ಆದರೆ ಮೂಲರೂಪ ಯಾವುದೆಂದು ತೋರಿಸಬೇಕಾದ ದಿನ ಬಂದರೆ ಆ ತಗಡು, ಆ ನಾಣ್ಯದಗಲದ ಉಂಗುರ ನಿಮ್ಮ ಪಾಲಿನ ದಾಖಲೆಗಳು.

ಎಲ್ಲ ನೋಡಿಯಾದ ಮೇಲೆ ಹುಟ್ಟುಬಣ್ಣವನ್ನೇ ಬಳಿಯಬೇಕೆಂಬ ಕಟ್ಟಳೆಯೇನೂ ಇಲ್ಲ. ಅಜ್ಜ ಎಂದೋ ಇಷ್ಟಪಟ್ಟು ಹಚ್ಚಿಸಿದ ನೀಲಿಯೇ ಮನೆಗೆ ಪ್ರಿಯವಾಗಿದ್ದರೆ ಅದೂ ಆ ಜೀಪಿನ ಚರಿತ್ರೆಯೇ. ಯಾವುದನ್ನು ಆರಿಸಿದರೂ ತಿಳಿದು ಆರಿಸಿ. ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ತಗಡನ್ನು ಇದ್ದಲ್ಲೇ ಇರಗೊಡಿ, ಡ್ಯಾಶ್‌ಬೋರ್ಡಿನ ಹಿಂದೆ ಅಂಗೈಯಗಲದ ಹಳೆಯ ಬಣ್ಣವನ್ನು ಮುಟ್ಟದೆ ಬಿಡಿ. ನಿಮ್ಮ ಮೊಮ್ಮಗ ಎಂದಾದರೂ ಟಾರ್ಚು ಹಿಡಿದು ಅಲ್ಲಿ ಬಗ್ಗಿ ನೋಡಿಯಾನು. ಆಗ ಅವನಿಗೂ ಓದಲು ಏನಾದರೂ ಉಳಿದಿರಲಿ.