ಕಂಚಿಗೆ ಮೈ ಕೊಟ್ಟ ಮಣ್ಣು

ಬಿಂಡಿಗನವಿಲೆಯ ಮಕ್ಕಳೇ, ನಿಮ್ಮ ತಾಲ್ಲೂಕಿನ ನಾಗಮಂಗಲ ಕಂಚು, ಹಿತ್ತಾಳೆಯ ವಿಗ್ರಹಗಳಿಗೆ ಹೆಸರಾದ ಊರು. ಆ ವಿಗ್ರಹಗಳು ಮಣ್ಣಿನ ಹೊಟ್ಟೆಯಲ್ಲಿ ಹುಟ್ಟುತ್ತವೆ ಎಂದರೆ ನಂಬುತ್ತೀರಾ?

ಶಿಲ್ಪಿ ಮೊದಲು ಮೇಣದಲ್ಲಿ ಮೂರ್ತಿ ಮಾಡುತ್ತಾರೆ. ಅದರ ಮೇಲೆ ನುಣ್ಣನೆಯ ಮಣ್ಣನ್ನು ಪದರ ಪದರವಾಗಿ ಮೆತ್ತಿ ಒಣಗಿಸುತ್ತಾರೆ. ಬಿಸಿ ಮಾಡಿದಾಗ ಮೇಣ ಕರಗಿ ಹರಿದುಹೋಗುತ್ತದೆ, ಒಳಗೆ ಮೂರ್ತಿಯಾಕಾರದ ಟೊಳ್ಳು ಉಳಿಯುತ್ತದೆ. ಮೂಸೆಯಲ್ಲಿ ಕರಗಿಸಿದ ಲೋಹವನ್ನು ಆ ಟೊಳ್ಳಿಗೆ ಹೊಯ್ದು, ತಣಿದ ಮೇಲೆ ಮಣ್ಣನ್ನು ಒಡೆದು ತೆಗೆಯುತ್ತಾರೆ. ಹಿತ್ತಾಳೆ ಕರಗಲು ಸುಮಾರು 900 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅಷ್ಟು ಬಿಸಿಯಲ್ಲೂ ಮಣ್ಣಿನ ಅಚ್ಚು ಕರಗುವುದಿಲ್ಲ!

ಇದಕ್ಕೆ ಕಾರಣ ಪರಮಾಣುಗಳ ಹಿಡಿತ. ಲೋಹದಲ್ಲಿ ಪರಮಾಣುಗಳು ಸಾಲುಸಾಲಾಗಿ ನಿಂತಿರುತ್ತವೆ, ಅವುಗಳ ನಡುವೆ ಕೆಲವು ಇಲೆಕ್ಟ್ರಾನುಗಳು ಜಾತ್ರೆಗೆ ಬಂದ ಮಕ್ಕಳಂತೆ ಸ್ವತಂತ್ರವಾಗಿ ಓಡಾಡುತ್ತವೆ. ಬಡಿದರೆ ಒಂದು ಸಾಲು ಇನ್ನೊಂದರ ಮೇಲೆ ಜಾರುತ್ತದೆಯೇ ಹೊರತು ಬಿಟ್ಟುಹೋಗುವುದಿಲ್ಲ. ಅದಕ್ಕೇ ಹಿತ್ತಾಳೆ ಬಿಂದಿಗೆ ಬಿದ್ದರೆ ನೆಗ್ಗುತ್ತದೆ. ಸುಟ್ಟ ಮಣ್ಣಿನಲ್ಲಿ ಸಿಲಿಕಾನ್, ಅಲ್ಯೂಮಿನಿಯಂ ಪರಮಾಣುಗಳು ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುತ್ತವೆ. ಜಾರಲು ಎಡೆಯಿಲ್ಲ. ಮಡಕೆ ಬೆಂಕಿಯನ್ನು ತಡೆಯುವುದು ಈ ಬಿಗಿಯಿಂದ, ಕೈಜಾರಿದರೆ ಚೂರಾಗುವುದೂ ಇದೇ ಬಿಗಿಯಿಂದ. ಮಡಕೆ ಒಡೆಯಿತೆಂದು ಅದನ್ನು ಬಲಹೀನ ಎನ್ನಲು ನನಗಂತೂ ಮನಸ್ಸು ಬಾರದು.

ಮಣ್ಣಿನಿಂದಲೇ ಆಗುವ ಪಿಂಗಾಣಿ ಹುಳಿಗೂ ಜಗ್ಗುವುದಿಲ್ಲ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು ಬರುತ್ತದೆ, ಅದನ್ನು ತಡೆಯಲೆಂದೇ ಕಲಾಯಿ ಹಾಕಿಸುತ್ತಿದ್ದರು. ಉಪ್ಪಿನಕಾಯಿಯ ಜಾಡಿಗೆ ಆ ಚಿಂತೆಯಿಲ್ಲ.

ಇನ್ನು ನಿಮ್ಮೂರಿನ ವಿದ್ಯುತ್ ಕಂಬವನ್ನು ದೂರದಿಂದಲೇ ನೋಡಿ. ತಂತಿಗೂ ಕಂಬಕ್ಕೂ ನಡುವೆ ಬಿಳಿ ಅಥವಾ ಕಂದು ಬಣ್ಣದ ಪಿಂಗಾಣಿ ಕಾಣಬಹುದು. ಅದರಲ್ಲಿ ಓಡಾಡುವ ಇಲೆಕ್ಟ್ರಾನುಗಳಿಲ್ಲ, ಆದ್ದರಿಂದ ವಿದ್ಯುತ್ ದಾಟದು. ಅದರ ಮೈಗೆ ಬಳೆಗಳಂಥ ಅಂಚುಗಳೇಕೆ? ಮಳೆನೀರು ಒಂದೇ ಧಾರೆಯಾಗಿ ಇಳಿದರೆ ವಿದ್ಯುತ್ತಿಗೆ ದಾರಿಯಾದೀತು. ಅಂಚಿನ ಕೆಳಭಾಗ ಒಣಗಿರುತ್ತದೆ, ದಾರಿಯೂ ಉದ್ದವಾಗುತ್ತದೆ. 1902ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಮುಂದೆ ತಂತಿಗಳು ಊರೂರಿಗೆ ಹಬ್ಬಿದವು. ಅವಕ್ಕೆಲ್ಲ ಇಂಥ ಪಿಂಗಾಣಿ ಬೇಕಿತ್ತು. 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಶುರುವಾಯಿತು. ಮುಂದೆ ಅದು ಸರ್ಕಾರಿ ಕಂಪನಿಯಾದ ಬಿಎಚ್‌ಇಎಲ್‌ಗೆ ಸೇರಿತು.

ಪಿಂಗಾಣಿಯ ಮೇಲಿನ ಮಿರುಗಿದೆಯಲ್ಲ, ಅದು ಗಾಜಿನ ತೆಳುಪದರ. ಮರಳು, ಸೋಡಾ, ಸುಣ್ಣಕಲ್ಲು ಕೂಡಿಸಿ ಕರಗಿಸಿದರೆ ಕಿಟಕಿಯ ಗಾಜು. ಮರಳೊಂದೇ ಕರಗಲು ಸುಮಾರು 1700 ಡಿಗ್ರಿ ಬೇಕು, ಸೋಡಾ ಅದನ್ನು ತಗ್ಗಿಸುತ್ತದೆ. ಗಾಜಿನ ಪರಮಾಣುಗಳ ಹಿಡಿತ ಬಿಗಿಯೇ, ಆದರೆ ಅವು ಸಾಲು ಕಟ್ಟುವ ಮುಂಚೆಯೇ ಗಾಜು ಗಟ್ಟಿಯಾಗಿರುತ್ತದೆ. ಪಿಂಗಾಣಿಯೊಳಗಿನ ಸಣ್ಣ ಹರಳುಗಳಂತೆ ಬೆಳಕನ್ನು ಚದುರಿಸುವುದು ಇಲ್ಲಿ ಏನೂ ಇಲ್ಲ, ಹಾಗಾಗಿ ಆಚೆಯದು ಕಾಣುತ್ತದೆ.

ದಪ್ಪ ಗಾಜಿನ ಲೋಟಕ್ಕೆ ಕುದಿಯುವ ನೀರು ಸುರಿದರೆ ಒಳಮೈ ಹಿಗ್ಗುತ್ತದೆ, ಹೊರಮೈಗೆ ಬಿಸಿ ಮುಟ್ಟಿರುವುದಿಲ್ಲ. ಆ ಎಳೆದಾಟದಲ್ಲಿ ಲೋಟ ಸೀಳುತ್ತದೆ. ತಾಮ್ರದ ಚೊಂಬಿನಲ್ಲಾದರೆ ಬಿಸಿ ಬೇಗ ಹರಡುತ್ತದೆ. ಪ್ರಯೋಗಾಲಯದ ನಳಿಕೆಯ ಗಾಜಿಗೆ ಬೋರಾನ್ ಆಕ್ಸೈಡ್ ಬೆರೆಸುತ್ತಾರೆ. ಅಂಥ ಗಾಜು ಬಿಸಿಗೆ ಹಿಗ್ಗುವುದು ಬಹಳ ಕಡಿಮೆ, ಉರಿಯ ಮೇಲೆ ಹಿಡಿದರೂ ತಾಳುತ್ತದೆ.